ನಾನು ಬಣ್ಣ ಬಳಿದು ಮುಚ್ಚಿದ ಕೂಸು

ಕಳೆದ ವಾರ ಇಲ್ಲಿ ಮೆಲ್ಬರ್ನ್‌ನ ಟಾರ್ನೀಟ್‌ನಲ್ಲಿ ನಮ್ಮ ಪಕ್ಕದ ಖಾಲಿ ಸೈಟಿನ ಹುಲ್ಲು ಕತ್ತರಿಸಿ ಹೋಗಿದ್ದರು. ಎರಡು ದಿನದ ಬಿಸಿಲಿಗೆ ಅದು ಒಣಗಿ, ಮೂರನೆಯ ಬೆಳಿಗ್ಗೆ ಕಿಟಕಿ ತೆಗೆದಾಗ ಒಂದು ಸಿಹಿ ವಾಸನೆ ಒಳಗೆ ಬಂತು. ಕಾಫಿ ಲೋಟ ಹಿಡಿದು ಹಾಗೇ ನಿಂತುಬಿಟ್ಟೆ. ಸಿಡ್ನಿಯ ಗಿರಾವೀನ್‌ನಲ್ಲಿದ್ದಾಗ ಪಕ್ಕದ ಮನೆಯವರ ಗ್ಯಾರೇಜಿನಲ್ಲಿ ಇದೇ ವಾಸನೆ ಇರುತ್ತಿತ್ತು. ಹಿಂದೆಂದೋ ತಮ್ಮ ಊರಿನಿಂದ ತಂದ ಹುಲ್ಲನ್ನು ಅವರು ಜಡೆಯ ಹಾಗೆ ಹೆಣೆದು ಗೋಡೆಗೆ ತೂಗುಹಾಕಿದ್ದರು...

ಏಳೆಂಟು ವರ್ಷದ ಹಿಂದಿನ ಮಾತು. ಹೆಂಡತಿ ತೀರಿಕೊಂಡ ಮೇಲೆ ನಾನು ದಾವಣಗೆರೆ ಬಿಟ್ಟು ಮಗಳ ಮನೆ ಸೇರಿದ್ದೆ. ಎಸ್‌ಎಸ್‌ಎಲ್‌ಸಿ ಮುಗಿಸಿ ಮೂವತ್ತೈದು ವರ್ಷ ಅಂಗಡಿಗಳ ಬೋರ್ಡ್ ಬರೆದವನು ನಾನು. ಪಕ್ಕದ ಮನೆಯಾಕೆ ಕೆನಡಾದ ದೊಡ್ಡ ಸರೋವರಗಳ ಕಡೆಯವರು, ಅಲ್ಲಿನ ಮೂಲನಿವಾಸಿಗಳಾದ ಅನಿಶಿನಾಬೆ ಜನ. ಈ ದೇಶದವನನ್ನು ಮದುವೆಯಾಗಿ ಬಂದು, ಅವನೂ ಹೋದ ಮೇಲೆ ಒಂಟಿಯಾಗಿದ್ದರು.

"ನಮ್ಮನ್ನೂ ಇಂಡಿಯನ್ ಅಂದ್ರು, ನಿಮ್ಮನ್ನೂ ಇಂಡಿಯನ್ ಅಂದ್ರು. ಹಡಗಿನವರು ದಾರಿ ತಪ್ಪಿದ್ದಕ್ಕೆ ನಾವಿಬ್ರೂ ನೆಂಟರಾದ್ವಿ ನೋಡಿ, ಪೇಂಟರ್" ಎಂದು ನಗುತ್ತಿದ್ದರು.

ಅವರೂ ಚಿತ್ರ ಬರೆಯುತ್ತಿದ್ದರು. ದಪ್ಪ ಕಪ್ಪು ಗೆರೆ, ನಡುವೆ ಕೆಂಪು, ನೀಲಿ, ಹಳದಿ. ಕರಡಿಯ ಹೊಟ್ಟೆಯೊಳಗೆ ಅದು ತಿಂದ ಮೀನು ಕಾಣುತ್ತಿತ್ತು. ಒಂದು ಜೀವದಿಂದ ಇನ್ನೊಂದು ಜೀವಕ್ಕೆ ಗೆರೆ ಎಳೆದಿರುತ್ತಿದ್ದರು. ಯಾರು ಯಾರಿಗೆ ಸೇರಿದವರು ಎಂದು ತೋರಿಸುವ ಗೆರೆ. ಬರೆಯುತ್ತಲೇ ಆ ಕರಡಿಯ ಕಥೆಯನ್ನೂ ಹೇಳುವರು.

"ಎಕ್ಸ್‌ರೇ ತೆಗೆದಂಗಿದೆ" ಎಂದೆ ಒಮ್ಮೆ, ನನ್ನ ಹರಕು ಇಂಗ್ಲಿಷಿನಲ್ಲಿ.

"ಬರೀ ಹೊರಗಿನದು ಬರೆಯೋಕೆ ನಾನೇನು ನಿಮ್ಮ ಹಾಗೆ ಅಂಗಡಿ ಬೋರ್ಡ್ ಬರೀತೀನಾ?" ಎಂದರು.

ಆ ವರ್ಷ ಮಗಳಿಗೆ ಎಂಟು ತಿಂಗಳಿಗೇ ಹೆರಿಗೆಯಾಯಿತು. ಕೂಸು ಉಸಿರಾಡಲಿಲ್ಲ. ಮನೆಯಲ್ಲಿ ಆ ಮಾತು ಎತ್ತಬಾರದೆಂದು ಅಳಿಯನಿಗೂ ಹೇಳಿದವನು ನಾನೇ. ತೊಟ್ಟಿಲು ಬಿಚ್ಚಿ ಡಬ್ಬಕ್ಕೆ ತುಂಬಿದೆ. ಹೆಸರಿಡದ ಕೂಸಿಗೆ ನಮ್ಮ ಮನೆತನದಲ್ಲಿ ತಿಥಿಯೂ ಇಲ್ಲ, ಮಾತೂ ಇಲ್ಲ. ಮಗಳು ನಾರ್ತ್ ಸಿಡ್ನಿಯ ಆಫೀಸಿಗೆ ಹೋಗುವಳು, ಬರುವಳು, ಉಣ್ಣುವಳು. ಸಂಜೆ ಮಾತ್ರ ಆ ಗ್ಯಾರೇಜಿನಲ್ಲಿ ಅವರ ಜೊತೆ ಕೂತು ಅಳುತ್ತ ಮಾತಾಡುತ್ತಿದ್ದಳು. ಬೇಲಿಯ ಈಚೆ ನಿಂತು ಕೇಳುತ್ತಿದ್ದ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ಈಗ ಒಪ್ಪಿಕೊಳ್ಳುತ್ತೇನೆ.

ಒಂದು ಮಧ್ಯಾಹ್ನ ಅವರು ಒಂದು ಕ್ಯಾನ್ವಾಸ್ ತಂದರು. ಮಗಳಿಗೆ ತಿಳಿಯದಂತೆ ಬರೆದದ್ದು.

"ಅವಳ ಗಾಯ ಮಾಯಲಿ ಅಂತ. ನೀವೇ ಕೊಡಿ. ಅಪ್ಪನ ಕೈಯಿಂದ ಹೋಗಲಿ" ಎಂದರು.

ನೀಲಿ ಉಡುಪಿನ ಹೆಂಗಸು, ಅವಳ ಹೊಟ್ಟೆಯೊಳಗೆ ಒಂದು ಕೆಂಪು ಕೂಸು. ಕೂಸಿನಿಂದ ಹೊರಟ ಗೆರೆ ತಾಯಿಯ ಎದೆ ಹಾದು ಮೇಲಿನ ಹಕ್ಕಿಯನ್ನು ಮುಟ್ಟಿತ್ತು. ಇದನ್ನು ನೋಡಿದರೆ ಮಗಳು ಉಳಿಯುವುದಿಲ್ಲ ಎಂದುಕೊಂಡೆ. ಶೆಡ್ಡಿನಲ್ಲಿ ಬೋರ್ಡ್ ಬರೆಯುವ ಎನಾಮಲ್ ಬಣ್ಣದ ಡಬ್ಬಿಗಳಿದ್ದವು. ನೀಲಿಗೆ ಚೂರು ಬಿಳಿ, ಚೂರು ಕಪ್ಪು ಬೆರೆಸಿ, ಅವರ ನೀಲಿಗೆ ಸರಿಯಾಗಿ ಹೊಂದಿಸಿ, ಕೂಸನ್ನು ಮುಚ್ಚಿಬಿಟ್ಟೆ. ಎರಡು ಕೋಟು. ಅಂಗಡಿಯ ಮಾಲೀಕ ಬದಲಾದಾಗ ಹಳೆಯ ಹೆಸರಿನ ಮೇಲೆ ಬಣ್ಣ ಹೊಡೆಯುತ್ತಿದ್ದೆನಲ್ಲ, ಹಾಗೆ.

ಮಗಳಿಗೆ ಚಿತ್ರ ಬಹಳ ಹಿಡಿಸಿತು. ಊಟದ ಟೇಬಲ್ಲಿನ ಎದುರು ತೂಗುಹಾಕಿ, ಆ ಭಾನುವಾರ ಅವರನ್ನು ಊಟಕ್ಕೆ ಕರೆದಳು.

"ಆಂಟಿ, ಹಕ್ಕಿಯಿಂದ ಬಂದಿರೋ ಈ ಲೈನ್ ಎಲ್ಲಿಗೂ ಹೋಗಲ್ವಲ್ಲ, ಯಾಕೆ?"

ಅವರು ಚಿತ್ರ ನೋಡಿದರು. ಆಮೇಲೆ ನನ್ನನ್ನು. ರೊಟ್ಟಿ ಮುರಿಯುತ್ತಿದ್ದ ನನ್ನ ಕೈ ನಿಂತಿತು.

"ಅದರ ಕಥೆ ನಿನ್ನ ಅಪ್ಪನಿಗೆ ಗೊತ್ತು. ಒಂದು ದಿನ ಅವರೇ ಹೇಳ್ತಾರೆ" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು...

ಮರುವರ್ಷ ಅವರು ತಮ್ಮ ಸರೋವರದ ಊರಿಗೆ ಮರಳಿದರು. ಹೊರಡುವ ದಿನ ಬೇಲಿಯ ಬಳಿ ಬಂದು, "ಹೇಳಿದ್ರಾ, ಪೇಂಟರ್?" ಎಂದು ಕೇಳಿದರು. ಹೇಳ್ತೀನಿ ಎಂದೆ. ಎರಡು ವರ್ಷಕ್ಕೆ ಅವರು ತೀರಿಕೊಂಡ ಸುದ್ದಿ ಬಂತು. ನಾವು ಮೆಲ್ಬರ್ನ್‌ಗೆ ಬಂದೆವು, ಚಿತ್ರವೂ ಬಂತು. ನಾನು ಹೇಳಲಿಲ್ಲ.

ಹುಲ್ಲಿನ ವಾಸನೆ ಬಂದ ಆ ದಿನ, ಮಗಳು ಆಫೀಸಿನಿಂದ ಬರುವವರೆಗೆ ಕಾದು, ಎಲ್ಲವನ್ನೂ ಹೇಳಿದೆ. ಅವಳು ಹೆಗಲಿನ ಬ್ಯಾಗ್ ಕೂಡ ಕೆಳಗಿಡಲಿಲ್ಲ.

"ಏಳು ವರ್ಷ, ಅಪ್ಪಾಜಿ. ದಿನಾ ಇದನ್ನೇ ನೋಡ್ಕೊಂಡು ಊಟ ಮಾಡಿದೀನಿ" ಎಂದಳು.

ಆಮೇಲೆ ಚಿತ್ರವನ್ನು ಇಳಿಸಿ ಟೇಬಲ್ ಮೇಲೆ ಮಲಗಿಸಿದಳು. "ಥಿನ್ನರ್ ಹಾಕಿ ತೆಗೆಯೋಕಾಗಲ್ವಾ?"

ಎನಾಮಲ್ ತೆಗೆಯಲು ಹೋದರೆ ಕೆಳಗಿನ ಬಣ್ಣವೂ ಕಿತ್ತುಬರುತ್ತದೆ. ಇದು ನನಗೆ ಆ ಮಧ್ಯಾಹ್ನವೂ ಗೊತ್ತಿತ್ತು.

"ಇಲ್ಲವ್ವ. ಕೂಸೂ ಹೋಗ್ತದೆ."

ಬರೆದವರು ಇಲ್ಲ. ಅವರನ್ನು ಕ್ಷಮೆ ಕೇಳುವ ಕಾಲವೂ ಮುಗಿದಿದೆ. ಚಿತ್ರದ ಆ ಕೂಸನ್ನು ಕಂಡವರಲ್ಲಿ ಉಳಿದವನು ನಾನೊಬ್ಬನೇ. ಮಗಳಿಗೂ ಅದು ಹೊಳೆದಿರಬೇಕು. ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಕೂತಳು.

"ಹಂಗಾದ್ರೆ ನೀವೇ ಹೇಳ್ರಿ. ಹೆಂಗಿತ್ತು?"

ಮುಖ ಎಡಕ್ಕಿತ್ತು, ಎಂದೆ. ಕಣ್ಣು ಮುಚ್ಚಿತ್ತು. ಬಲಗೈ ಮುಷ್ಟಿ ಹಿಡಿದು ಗಲ್ಲಕ್ಕೆ ಆನಿಸಿತ್ತು...

ಮಗಳು ಆ ನೀಲಿಯ ಮೇಲೆ ಬೆರಳಿಟ್ಟು, "ಇಲ್ಲೇನು?" ಎಂದಳು.

"ಸ್ವಲ್ಪ ಕೆಳಗೆ" ಎಂದೆ.