ಮುಂದಿನ ಸಾಲಿನ ಡ್ರಮ್ಮು

ಕೆಲವರ ಮನೆಯಲ್ಲಿ ಮದುವೆಗೆ ಹೋಗಿ ಬಂದರೆ ಊಟದ ಮಾತು ನಡೆಯುತ್ತದೆ. ಬುಂದಿ ಲಾಡು ಗಟ್ಟಿಯಾಗಿತ್ತು, ಬದನೆಕಾಯಿ ಪಲ್ಯಕ್ಕೆ ಉಪ್ಪು ಸಾಲಲಿಲ್ಲ ಎಂದು. ನಮ್ಮ ಮನೆಯಲ್ಲಿ ಬ್ಯಾಂಡಿನ ಮಾತು. ಕರೋಶಿಯಲ್ಲಿ ಅಪ್ಪನ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಯಾವುದೇ ಮೆರವಣಿಗೆ ನೋಡಿ ಬಂದರೂ ಅವರು ತಮ್ಮ ಕಟ್ಟೆಯ ಮೇಲೆ, ನಾನು ನನ್ನ ಕಟ್ಟೆಯ ಮೇಲೆ ಕೂತು ಜಗಳ ಶುರು ಮಾಡುತ್ತಿದ್ದೆವು. ನನ್ನ ಗಂಡ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ ಮಾಡುವವನು. ಅವನಿಗೆ ಎಲ್ಲ ಬ್ಯಾಂಡೂ ಒಂದೇ ಗದ್ದಲ. ನಮ್ಮ ಮಾತು ಕೇಳಲಾರದೆ ಎದ್ದು ಹೊಲದ ಕಡೆ ಹೋಗಿಬಿಡುತ್ತಿದ್ದ.

ಅಪ್ಪ ಬಸ್ ಕಂಡಕ್ಟರ್ ಆಗಿ ನಿವೃತ್ತರಾದವರು, ಮತ್ತು ನಮ್ಮ ಸುತ್ತಿನಲ್ಲಿ ಹೆಸರು ಮಾಡಿದ ಟ್ರಂಪೆಟ್ ವಾದಕರು. ಹರೆಯದಲ್ಲಿ ಮಿರಜಿಗೆ ಹೋಗಿ ಹಳೆಯದೊಂದು ಟ್ರಂಪೆಟ್ ಕೊಂಡು ತಂದಿದ್ದರು. ಈಗಲೂ ಅದನ್ನು ವಾರಕ್ಕೊಮ್ಮೆ ಹುಣಸೆಹಣ್ಣು ಹಚ್ಚಿ ತೊಳೆಯುತ್ತಾರೆ. ಅವರ ಕಿವಿಗೆ ಹಿತ್ತಾಳೆ ವಾದ್ಯ ಮಾತ್ರ ಬೀಳುತ್ತದೆ. ಟ್ರಂಪೆಟ್ ಊದುವವನು ಮೇಲಿನ ಸ್ವರಕ್ಕೆ ಏರುವಾಗ ಅವನ ಹುಬ್ಬೂ ಏರಿದರೆ ಅವನು ಇನ್ನೂ ಕಚ್ಚಾ ಎನ್ನುವರು. ಯುಫೋನಿಯಂ ಎಂಬ ದೊಡ್ಡ ತುತ್ತೂರಿಯ ದನಿ ಕಿವಿಗಿಂತ ಮೊದಲು ಹೊಟ್ಟೆಗೆ ಕೇಳಬೇಕು ಎನ್ನುವರು. ಇದೆಲ್ಲ ಸರಿಯೇ, ನಾನು ಒಪ್ಪುತ್ತೇನೆ.

ಆದರೆ ನನ್ನ ಲೆಕ್ಕವೇ ಬೇರೆ. ನಾನು ಚಿಕ್ಕೋಡಿ ಆಸ್ಪತ್ರೆಯಲ್ಲಿ ನರ್ಸು, ದಿನವಿಡೀ ಜನರ ನಾಡಿ ಹಿಡಿಯುವವಳು. ಬ್ಯಾಂಡು ಒಳ್ಳೆಯದೋ ಕೆಟ್ಟದ್ದೋ ತಿಳಿಯಬೇಕಾದರೆ ಊದುವವರು ಉಸಿರು ತೆಗೆದುಕೊಳ್ಳಲು ನಿಂತ ಆ ಸ್ವಲ್ಪ ಹೊತ್ತನ್ನು ನೋಡಬೇಕು. ಆಗ ಬರೀ ಡ್ರಮ್ಮಿನ ಮೇಲೆ ಮೆರವಣಿಗೆ ನಡೆಯುತ್ತಿರುತ್ತದೆ. ಹಿಂದೆ ಬರುವ ಹೆಂಗಸರ ಕಾಲು ಆಗಲೂ ತಪ್ಪದಿದ್ದರೆ ಅದು ಬ್ಯಾಂಡು. ಇದನ್ನು ಹೇಳಿದಾಗಲೆಲ್ಲ ಅಪ್ಪನದು ಒಂದೇ ಉತ್ತರ: "ಡ್ರಮ್ಮು ಇತ್ತು ಬಿಡು, ಅದರ ಪಾಡಿಗೆ ಅದು." ಅರ್ಧ ಬ್ಯಾಂಡನ್ನೇ ಮೂಟೆ ಎತ್ತಿ ಆಚೆ ಇಟ್ಟ ಹಾಗೆ ಇಟ್ಟುಬಿಡುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಅವರು ಹಾಗೆ ಮಾಡುವುದಕ್ಕೆ ಕಾರಣ ನನಗೆ ಗೊತ್ತಿಲ್ಲದೆ ಇರಲಿಲ್ಲ. ಅಪ್ಪನ ಅಪ್ಪ ಊರಿಗೆ ಹಲಗಿ ಬಾರಿಸುತ್ತಿದ್ದರು. ಬಾರಿಸುತ್ತಿದ್ದರು ಎನ್ನುವುದಕ್ಕಿಂತ ಬಾರಿಸಲೇಬೇಕಿತ್ತು ಎನ್ನುವುದು ಸರಿ. ಯಾರದೋ ಹೆಣದ ಮುಂದೆ, ಯಾರದೋ ಮದುವೆಯ ಮುಂದೆ, ಕೂಗಿ ಕರೆದ ಕೂಡಲೇ ಓಡಬೇಕು. ನಮ್ಮ ಮನೆತನ ಬೌದ್ಧರಾದ ವರ್ಷ ಅವರು ಆ ಹಲಗಿಯ ಚರ್ಮ ಹರಿದು, ಕಟ್ಟಿಗೆಯ ಬಳೆಯನ್ನು ಒಲೆಗೆ ಹಾಕಿ, ಅದರ ಉರಿಯಲ್ಲಿ ಚಹಾ ಕಾಸಿ ಮನೆಮಂದಿಗೆಲ್ಲ ಕೊಟ್ಟರಂತೆ. ಅಷ್ಟು ರುಚಿಯಾದ ಚಹಾ ಮತ್ತೆ ಕುಡಿದಿಲ್ಲ ಎಂದು ಅಪ್ಪ ಹೇಳುತ್ತಾರೆ. ಅಂದಿನಿಂದ ನಮ್ಮ ಮನೆಯಲ್ಲಿ ಯಾರ ಹೆಗಲಿಗೂ ಬಡಿಯುವ ವಾದ್ಯ ಏರಿರಲಿಲ್ಲ. ಟ್ರಂಪೆಟ್ಟಿಗೆ ಮಾತ್ರ ಅಡ್ಡಿ ಇರಲಿಲ್ಲ, ಅದನ್ನು ಊದು ಎಂದು ನಮ್ಮ ಹಿರಿಯರ ಮೇಲೆ ಯಾರೂ ಜುಲುಮೆ ಮಾಡಿರಲಿಲ್ಲ.

ಊರಿನ ಬುದ್ಧ ವಿಹಾರದ ಹುಡುಗ ಹುಡುಗಿಯರಿಗೆ ಅಪ್ಪ ಬಹಳ ವರ್ಷಗಳಿಂದ ಬ್ಯಾಂಡು ಕಲಿಸುತ್ತಾರೆ, ಅದೂ ಹಿತ್ತಾಳೆ ವಾದ್ಯವನ್ನು ಮಾತ್ರ. ಏಪ್ರಿಲ್ ತಿಂಗಳ ಜಯಂತಿಗೆ ಡ್ರಮ್ ಬಾರಿಸುವವರನ್ನು ಬೇರೆ ಊರಿಂದ ಕರೆಸುವುದು ರೂಢಿ. ಈಚೆಗೆ ಚಿಕ್ಕೋಡಿಯಲ್ಲಿ ಸುತ್ತಲಿನ ತಾಲೂಕುಗಳ ಬ್ಯಾಂಡ್ ಸ್ಪರ್ಧೆ ಇಟ್ಟಾಗ ಈ ರೂಢಿಗೇ ಪೆಟ್ಟು ಬಿತ್ತು. ಬಾಡಿಗೆಯವರು ನಡೆಯುವುದಿಲ್ಲ, ಬಾರಿಸುವವರೆಲ್ಲ ತಂಡದವರೇ ಆಗಿರಬೇಕು ಎಂದು ಸಂಘಟಕರು ಹೇಳಿಬಿಟ್ಟರು. "ಹಂಗಾರ ನಾವು ಹೋಗೂದ ಬ್ಯಾಡ" ಎಂದರು ಅಪ್ಪ. ವಿಹಾರದ ಉಳಿದ ಹಿರಿಯರು ಒಪ್ಪಲಿಲ್ಲ. ಪ್ಲಾಸ್ಟಿಕ್ ಡ್ರಮ್ಮಿಗೆ ಎಂಥ ಮೈಲಿಗೆ, ಕಾಲ ಬದಲಾಗಿದೆ ಎಂದು ಡ್ರಮ್ಮುಗಳನ್ನೂ ತರಿಸಿದರು. ಮೊದಲು ಹೋಗಿ ಸೈಡ್ ಡ್ರಮ್ ಎತ್ತಿಕೊಂಡವಳು ನನ್ನ ಮಗಳು.

ಅವಳು ಪಿಯುಸಿ ಮೊದಲ ವರ್ಷದಲ್ಲಿದ್ದಳು. ಅಜ್ಜ ಪ್ರೀತಿಯಿಂದ ಟ್ರಂಪೆಟ್ ಕಲಿಸಲು ನೋಡಿದ್ದರು, ಆದರೆ ಅವಳ ತುಟಿಗೆ ಅದು ಒಗ್ಗಲಿಲ್ಲ. ಕೈ ಮಾತ್ರ ಸುಮ್ಮನೆ ಇರುತ್ತಿರಲಿಲ್ಲ. ನನ್ನ ಹಿಟ್ಟಿನ ಡಬ್ಬಿಯ ಮುಚ್ಚಳ ಅವಳ ದೆಸೆಯಿಂದ ತಗ್ಗು ಬಿದ್ದಿದೆ. ಮೊಬೈಲಿನಲ್ಲಿ ಯಾವುದೋ ಪರದೇಶದ ಮೈದಾನ, ನೂರಾರು ಹುಡುಗರು ಟ್ರಂಪೆಟ್ಟು ಡ್ರಮ್ಮು ಹಿಡಿದು ಓಡಾಡುತ್ತಲೇ ಬಾರಿಸುವ ಸ್ಪರ್ಧೆಗಳು. ಅದನ್ನೇ ದಿನವೂ ನೋಡುವಳು. ಅಜ್ಜನೂ ಕನ್ನಡಕ ಹಾಕಿಕೊಂಡು ಪಕ್ಕದಲ್ಲಿ ಕೂತು ನೋಡುವರು. ಈ ತಂಡದ ಹಿತ್ತಾಳೆ ಚಲೋ ಎಂದು ಅವರು, ಆ ತಂಡದ ಡ್ರಮ್ಮು ನೋಡು ಎಂದು ಅವಳು. ನನಗೆ ಜೊತೆಗೊಬ್ಬಳು ಸಿಕ್ಕಳು ಎಂದು ನಾನು ಒಳಗೇ ಹಿಗ್ಗುತ್ತಿದ್ದೆ.

ಅವಳ ಹೆಗಲಿನ ಮೇಲೆ ಡ್ರಮ್ ನೋಡಿದ ಸಂಜೆ ಅಪ್ಪ ತಾಲೀಮು ನಿಲ್ಲಿಸಿ ಮನೆಗೆ ಬಂದರು. ಹಿಂದಿನಿಂದ ಅವಳೂ ಬಂದಳು.

"ಅದನ್ನ ಇಳಸು" ಎಂದರು.

"ಯಾಕಜ್ಜಾ? ಇದರಾಗ ಚರ್ಮನ ಇಲ್ಲ. ಪ್ಲಾಸ್ಟಿಕ್ ಐತಿ."

"ಇದು ಚರ್ಮದ ಮಾತಲ್ಲವ್ವಾ. ನಮ್ಮಪ್ಪ ಮುಂಜಾನೆಯಿಂದ ಸಂಜೀತನಕ ಬಾರಸ್ತಿದ್ದ. ಊಟದ ಪಂಗ್ತಿ ಮುಗೀತಿದ್ವು, ಮಂದಿ ಎಲಿಅಡಿಕಿ ಹಾಕ್ಕೊಂಡು ಕುಂದರ್ತಿದ್ರು. ಒಬ್ಬರಾರೆ, ಒಂದ ಸಲಾನಾರೆ, ಕುಂದರಪಾ ಅಂದಿದ್ದು ನಾ ಕಂಡಿಲ್ಲ. ಆಂವ ನಿಂತ ಇರ್ತಿದ್ದ. ನಾ ಅಂವನ ಧೋತರ ಹಿಡಕೊಂಡು ನಿಂತಿರ್ತಿದ್ದೆ."

ಮಗಳು ಡ್ರಮ್ಮಿನ ಪಟ್ಟಿ ಸರಿಮಾಡಿಕೊಂಡಳು. ಆಮೇಲೆ ಮೆಲ್ಲಗೆ ಹೇಳಿದಳು: "ಅಜ್ಜಾ, ನನ್ನ ಯಾರೂ ಕೂಗಿ ಕರದಿಲ್ಲ. ನಾನ ಹೋಗಿ ತಗೊಂಡೇನಿ."

ಅಪ್ಪ ಎದ್ದು ಒಳಗೆ ಹೋದರು. ನೀನು ಡ್ರಮ್ ಹಿಡಿದರೆ ನಾನು ತಂಡದ ಜೊತೆ ನಿಲ್ಲುವುದಿಲ್ಲ ಎಂದು ಒಳಗಿನಿಂದಲೇ ಹೇಳಿದರು. ಮಾತಿಗೆ ಗಟ್ಟಿಯಾದ ಮನುಷ್ಯ, ಮರುದಿನದಿಂದ ತಾಲೀಮಿನ ಮೈದಾನದ ಕಡೆ ತಲೆ ಹಾಕಲಿಲ್ಲ. ಅವರಿಲ್ಲದೆ ಊದುವ ಹುಡುಗರ ಗತಿ ಕೆಟ್ಟಿತು. ಒಬ್ಬನ ಸ್ವರ ಮೂಡಣಕ್ಕೆ, ಒಬ್ಬನದು ಪಡುವಣಕ್ಕೆ. ಮಗಳು ರಾತ್ರಿ ಊಟಕ್ಕೆ ಕೂತರೂ ತಟ್ಟೆಯ ಮೇಲೆ ಬೆರಳು ಆಡಿಸುತ್ತಿರಲಿಲ್ಲ. ಡ್ರಮ್ ಬಿಟ್ಟರೆ ಅವಳು ಅಜ್ಜನಿಗಾಗಿ ಬಿಡುತ್ತಾಳೆ, ಆದರೆ ಆಮೇಲೆ ಇಬ್ಬರೂ ಮೊದಲಿನಂತೆ ಮೊಬೈಲ್ ಹಿಡಿದು ಪಕ್ಕಪಕ್ಕ ಕೂರುವುದಿಲ್ಲ ಎಂದು ನನಗೆ ಖಾತ್ರಿಯಾಗಿತ್ತು. ಹೋಗಿ ಅಪ್ಪನಿಗೆ ನಾಲ್ಕು ಮಾತು ಅಂದೇಬಿಟ್ಟೆ. ಅವರು ಟ್ರಂಪೆಟ್ ತಿಕ್ಕುತ್ತಲೇ ಕೇಳಿಸಿಕೊಂಡರು.

ಅದೇ ವಾರ ಅಥಣಿಯಲ್ಲಿ ನಮ್ಮ ನೆಂಟರ ಮನೆಯ ಮದುವೆ ಇತ್ತು. ನಾನೂ ಅಪ್ಪನೂ ಬಸ್ಸಿನಲ್ಲಿ ಬೇರೆ ಬೇರೆ ಸೀಟು ಹಿಡಿದು ಹೋದೆವು. ವರನ ಮೆರವಣಿಗೆಯ ಬ್ಯಾಂಡು ಸಾಧಾರಣದ್ದಲ್ಲ. ಟ್ರಂಪೆಟ್ಟುಗಳ ಹೊಳಪಿಗೆ ತಕ್ಕ ದನಿ. ಅಪ್ಪನ ಮುಖ ಸಡಿಲಾಯಿತು, ಅಭ್ಯಾಸದಂತೆ ನಾವಿಬ್ಬರೂ ಪಕ್ಕದಲ್ಲೇ ನಡೆಯತೊಡಗಿದೆವು. ತಿರುವಿನಲ್ಲಿ ಎದುರಿನಿಂದ ಕಬ್ಬಿನ ಟ್ರ್ಯಾಕ್ಟರ್ ಬಂದು ಮೆರವಣಿಗೆ ಅರ್ಧಕ್ಕೆ ನಿಂತಿತು, ಊದುವವರೂ ನಿಲ್ಲಿಸಿದರು. ಡ್ರಮ್ಮಿನವರು ಮಾತ್ರ ಬಿಡದೆ ಬಾರಿಸುತ್ತ ನಿಂತರು. ಟ್ರ್ಯಾಕ್ಟರ್ ದಾಟಿದ ಕೂಡಲೇ ಟ್ರಂಪೆಟ್ಟುಗಳು ಬಿಟ್ಟ ಕಡೆಯೇ ಹಿಡಿದವು. ಅಪ್ಪ ಕತ್ತು ತಿರುಗಿಸಿ ಹಿಂದೆ ನೋಡಿದರು. ಡ್ರಮ್ಮಿನವರು ಎಲ್ಲರ ಹಿಂದೆ, ಜನರೇಟರಿನ ಹೊಗೆಯಲ್ಲಿ ಬರುತ್ತಿದ್ದರು.

"ಇವ್ರನ್ಯಾಕ ಯಾವಾಗ್ಲೂ ಹಿಂದ ಇಡ್ತಾರ?" ಎಂದು ಕೇಳಿದರು.

"ಎಲ್ಲಾ ಬ್ಯಾಂಡಿನ್ಯಾಗೂ ಹಿಂದನ ಇರ್ತಾರಪಾ."

"ಅದನ್ನ, ಯಾಕ ಅಂತ ಕೇಳಾಕತ್ತೇನಿ."

ಇಷ್ಟು ವರ್ಷ ಡ್ರಮ್ಮಿನ ಪರ ವಾದ ಮಾಡಿದ ನನಗೂ ಆ ಪ್ರಶ್ನೆ ಹೊಳೆದಿರಲಿಲ್ಲ.

ಮರುದಿನ ಸಂಜೆ ಅಪ್ಪ ತಾಲೀಮಿಗೆ ಹೋದರು. ನಾನೂ ಡ್ಯೂಟಿ ಮುಗಿಸಿ ಸೀದಾ ಅಲ್ಲಿಗೇ ಬಂದೆ. ಮಗಳು ಡ್ರಮ್ಮಿನ ಪಟ್ಟಿ ಬಿಚ್ಚಲು ಕೈ ಹಾಕಿದಳು. "ಇರಲಿ" ಎಂದರು ಅಪ್ಪ. ಸಾಲು ಬದಲಿಸಿದರು. ಡ್ರಮ್ಮಿನವರು ಮುಂದೆ, ಅದರಲ್ಲೂ ನಡುವೆ ನನ್ನ ಮಗಳು. ಟ್ರಂಪೆಟ್ಟುಗಳು, ಯುಫೋನಿಯಂ ಎಲ್ಲ ಹಿಂದಕ್ಕೆ. ಊದುವ ಹುಡುಗರು ಗೊಣಗಿದರು. "ಅಜ್ಜಾ, ನಾವು ಊದಿದ್ದು ಯಾರಿಗೂ ಕೇಳ್ಸೂದುಲ್ಲ ನೋಡ್ರಿ" ಎಂದ ಒಬ್ಬ.

"ಹಿಂದ ನಿಂತಾವ್ರ ದನಿ ಮುಂದ ಮುಟ್ಟಬೇಕಾದ್ರ ಎಷ್ಟ ಉಸಿರ ಬೇಕಾಕ್ಕೈತಿ ಅಂತ ನಿಮಗೂ ಗೊತ್ತಾಗ್ಲಿ. ನಾನೂ ನಿಮ್ಮ ಕೂಡ ಹಿಂದನ ನಿಂದರ್ತೇನಿ" ಎಂದರು ಅಪ್ಪ. ಹೇಳಿದ ಹಾಗೆಯೇ ಮಿರಜಿನ ಟ್ರಂಪೆಟ್ ಹಿಡಿದು ಕೊನೆಯ ಸಾಲಿಗೆ ಹೋದರು. ಮೊಮ್ಮಗಳು ತಿರುಗಿ ಅವರನ್ನು ನೋಡಿದಳು. "ಮುಂದ ನೋಡು, ಲಯ ಹಿಡಿ" ಎಂದು ಗದರಿದರು.

ಸ್ಪರ್ಧೆಯ ದಿನ ಚಿಕ್ಕೋಡಿಯ ಕಾಲೇಜು ಮೈದಾನ ತುಂಬಿತ್ತು. ನಾನು ರಜೆ ಹಾಕಿ ತೀರ್ಪು ಹೇಳುವ ಪಂಚರಂತೆ ಮುಂದಿನ ಸಾಲಿನಲ್ಲೇ ಕೂತೆ. ನಿಪ್ಪಾಣಿ ಕಡೆಯ ತಂಡದ ಟ್ರಂಪೆಟ್ಟುಗಳೆಲ್ಲ ಒಂದೇ ಬಾಯಿಂದ ಬಂದಂತೆ ಬಂದವು, ಯಾರ ಹುಬ್ಬೂ ಏರಲಿಲ್ಲ. ಆದರೆ ಅವರ ಡ್ರಮ್ಮು ಮಾವನ ಮನೆಗೆ ಬಂದ ಹೊಸ ಅಳಿಯನಂತೆ ಮುದುಡಿಕೊಂಡಿತ್ತು. ಅಥಣಿ ಕಡೆಯವರ ತಾಶೆ ಡ್ರಮ್ಮು ಕಾದ ಹೆಂಚಿನಲ್ಲಿ ಜೋಳದ ಅರಳು ಸಿಡಿದ ಹಾಗೆ. ಅದಕ್ಕೆ ಸಮ ಆಗಬೇಕೆಂದು ಊದುವವರು ಕಿರುಚಿ ಕೆಡಿಸಿಕೊಂಡರು. ರಾಯಬಾಗದವರದು ಎರಡೂ ಸಮ, ಎರಡೂ ಸಪ್ಪೆ, ನಮ್ಮ ಆಸ್ಪತ್ರೆಯ ಗಂಜಿ. ಕಾಗವಾಡದವರ ಯುಫೋನಿಯಂ ಮಾತ್ರ ನಿಜಕ್ಕೂ ಹೊಟ್ಟೆಗೆ ಕೇಳಿಸಿತು.

ನಮ್ಮವರು ಬಂದಾಗ ಗಾಳಿ ಜೋರಾಗಿತ್ತು. ಡ್ರಮ್ ಮುಂದೆ ಬರುವುದನ್ನು ನೋಡಿ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಿಂದಿನ ಸಾಲಿನ ಹಿತ್ತಾಳೆ ದನಿಯನ್ನು ಗಾಳಿ ಅರ್ಧ ಹೊತ್ತುಕೊಂಡು ಹೋಯಿತು. ಇದು ಸುಳ್ಳಲ್ಲ, ನನ್ನವರೇ ಆದರೂ ಹೇಳಬೇಕು. ಮೈದಾನದ ನಡುವೆ ಊದುವವರೆಲ್ಲ ನಿಲ್ಲಿಸಿದರು. ಬರೀ ಡ್ರಮ್ಮು ಉಳಿಯಿತು. ನನ್ನ ಮಗಳ ಕಡ್ಡಿಗಳು ಮೊದಲು ಪಿಸುಗುಟ್ಟಿದವು, ಆಮೇಲೆ ಮಳೆಯಂತೆ ಏರಿದವು. ಸುತ್ತ ಕೂತವರ ಕಾಲುಗಳು ತಾವಾಗಿ ನೆಲ ತಟ್ಟತೊಡಗಿದವು. ಅವಳ ಹಿಂದಿನಿಂದ ಅಪ್ಪನ ಟ್ರಂಪೆಟ್ ಒಂದೇ ಒಂದು ಬಂದು ಆ ಲಯದ ಮೇಲೆ ಕೂತಿತು. ನಾನು ಅತ್ತುಬಿಟ್ಟೆ. ಪಕ್ಕದ ಹೆಂಗಸು ನೀರು ಕೊಟ್ಟಳು.

ಫಲಿತಾಂಶಕ್ಕೆ ಕಾಯುವಾಗ ಅಪ್ಪ ನನ್ನ ಪಕ್ಕ ಬಂದು ಕೂತು ಬೆವರು ಒರೆಸಿಕೊಂಡರು. ನಾನು ಟ್ರಂಪೆಟ್ ಪುರಾಣಕ್ಕೆ ತಯಾರಾದೆ. ಅವರು ದನಿ ತಗ್ಗಿಸಿ ಹೇಳಿದರು: "ಕಾಗವಾಡದವ್ರ ಡ್ರಮ್ಮು ತಿರುವಿನ್ಯಾಗ ತಡಾ ಆತು, ಲಕ್ಷ್ಯ ಕೊಟ್ಟಿಯೇನು?"

ನನ್ನ ವಯಸ್ಸಿನಷ್ಟು ವರ್ಷಗಳಲ್ಲಿ ಅವರು ಒಂದು ಬ್ಯಾಂಡಿನ ಡ್ರಮ್ಮನ್ನು ತೂಗಿ ನೋಡಿ ಆಡಿದ ಮೊದಲ ಮಾತು ಅದು. ಖರೇ ಹೇಳಬೇಕೆಂದರೆ ನಾನೇ ಅದನ್ನು ಗಮನಿಸಿರಲಿಲ್ಲ.

ಮಿಲಿಟರಿ ಬ್ಯಾಂಡಿನಿಂದ ನಿವೃತ್ತರಾದ ತೀರ್ಪುಗಾರರು ಮೈಕಿನಲ್ಲಿ ಮುಚ್ಚುಮರೆ ಮಾಡಲಿಲ್ಲ. ಕರೋಶಿ ತಂಡದ ಹಿತ್ತಾಳೆ ಸರಿಯಾಗಿ ಕೇಳಲಿಲ್ಲ, ಸಾಲು ಹಾಕಿದ್ದೇ ತಪ್ಪು. ಆದರೆ ಡ್ರಮ್ಮಿನಲ್ಲಿ ಇವತ್ತು ಅವರಿಗೆ ಸಮ ಯಾರೂ ಇಲ್ಲ ಎಂದರು. ಒಟ್ಟಾರೆ ಬಹುಮಾನ ನಿಪ್ಪಾಣಿ ಕಡೆಗೆ ಹೋಯಿತು. ಡ್ರಮ್ಮಿನ ಮೊದಲ ಬಹುಮಾನ ನಮಗೆ. ಹಿತ್ತಾಳೆಗೇ ಜೀವ ತೇದ ಮನುಷ್ಯ ಹಿತ್ತಾಳೆಯಲ್ಲೇ ಸೋತು, ಹಲ್ಲೆಲ್ಲ ಕಾಣುವಂತೆ ನಗುತ್ತಿದ್ದರು. ಊದುವ ಹುಡುಗರು ಮುಖ ಊದಿಸಿಕೊಂಡಿದ್ದರು. "ಮುಂದಿನ ವರ್ಷ ಇನ್ನೂ ಜೋರ ಊದೂಣಂತ, ಸಾಲ ಮಾತ್ರ ಬದಲಾಗೂದುಲ್ಲ" ಎಂದರು ಅಪ್ಪ.

ತಂಡವನ್ನು ವೇದಿಕೆಗೆ ಕರೆದರು. ಅಲ್ಲಿ ಗುರುಗಳಿಗೆಂದು ಕುರ್ಚಿ ಹಾಕಿ ಶಾಲು ಇಟ್ಟಿದ್ದರು. ಸಂಘಟಕರೊಬ್ಬರು ಅಪ್ಪನ ಕೈ ಹಿಡಿದು, "ಬರ್ರಿ ಗುರುಗಳ, ಕುಂದರ್ರಿ" ಎಂದರು. ಅಪ್ಪ ಕುರ್ಚಿಯ ಹಿಂದೆ ನಿಂತು ಮೊಮ್ಮಗಳನ್ನು ಕರೆದರು. ಅವಳು ಡ್ರಮ್ ಹೆಗಲಿನಲ್ಲಿಟ್ಟುಕೊಂಡೇ ಬಂದಳು.

"ಕುಂದರವಾ."

"ಏ ಅಜ್ಜಾ, ಅದು ನಿಮಗ ಹಾಕ್ಯಾರ. ನೀವು ಕುಂದರ್ರಿ."

"ನಾ ಬಸ್ಸಿನ್ಯಾಗ, ಮದವ್ಯಾಗ, ಎಲ್ಲಾಕಡೆ ಕುಂತೇನಿ. ನಮ್ಮಪ್ಪ ಕುಂತಿಲ್ಲ. ನೀ ಕುಂದರು."

ಅವಳು ಡ್ರಮ್ಮನ್ನು ತೊಡೆಯ ಮೇಲೆ ಸರಿಸಿಕೊಂಡು ಕೂತಳು. ಅಪ್ಪ ಶಾಲನ್ನು ಅವಳಿಗೆ ಹೊದಿಸಿ, ಕುರ್ಚಿಯ ಬೆನ್ನು ಹಿಡಿದು ಪಕ್ಕದಲ್ಲಿ ನಿಂತರು.