ಎರಡು ಸಲ ಸುಟ್ಟ ರೆಸಿಸ್ಟರ್

ಅದು ೨೦೨೪ರ ಬೇಸಿಗೆ. ವಿಜಯಪುರದ ಗೋಳಗುಮ್ಮಟದ ಹಿಂದಿನ ಓಣಿಯಲ್ಲಿ ನನ್ನ ಆಟೋ ಎಲೆಕ್ಟ್ರಿಕಲ್ ಅಂಗಡಿ ಇತ್ತು. ಕಾರುಗಳ ವೈರಿಂಗ್, ಎ.ಸಿ. ಕೆಲಸದಲ್ಲೇ ನನ್ನ ತಲೆ ಬೆಳ್ಳಗಾಗಿತ್ತು.

ಒಂದು ಬೆಳಿಗ್ಗೆ ತಿಕೋಟಾದ ಸುನಂದಾ ತಾನೇ ಕಾರು ಓಡಿಸಿಕೊಂಡು ಬಂದಳು. ಕಾರು ತೀರಿಹೋದ ಗಂಡನದು. ಹಿಂದಿನ ಸೀಟಿನಲ್ಲಿ ಅತ್ತೆ ಒದ್ದೆ ಟವೆಲ್ ಹೊದ್ದು ಒರಗಿದ್ದರು. ಕಿಡ್ನಿ ಕೆಟ್ಟಿದ್ದ ಅವರನ್ನು ಡಯಾಲಿಸಿಸ್‌ಗೆ ನಗರಕ್ಕೆ ಕರೆತರುತ್ತಿದ್ದುದು ಇದೇ ಕಾರು.

"ಎ.ಸಿ. ಫ್ಯಾನ್ ನಾಲ್ಕನೇ ನಂಬರಿಗೆ ಅಷ್ಟ ತಿರಗತೈತ್ರಿ. ಹಚ್ಚಿದ್ರ ಸುಟ್ಟ ವಾಸನಿ, ಅತ್ತಿಯವ್ರಿಗೆ ವಾಂತಿ. ಬಂದ್ ಮಾಡಿದ್ರ ಸೆಕಿಗೆ ಜೀವ ಹೋಗತೈತಿ," ಎಂದಳು.

ಅವಳ ಹಿಂದೆಯೇ ಬೈಕಿನಲ್ಲಿ ಅವಳ ಗಂಡನ ಅಣ್ಣ, ಭಾವ ಬಸಪ್ಪ ಬಂದ. ಕೆಟ್ಟವನಲ್ಲ, ಹೆದರಿದವನು. "ಬ್ಯಾರೆ ಕಡೆ ಎರಡು ಸಲ ರೆಸಿಸ್ಟರ್ ಹಾಕಿಸೇವ್ರಿ. ಎರಡೂ ಸುಟ್ಟಾವ. ನಾಳೆ ಗಾಡಿಗೆ ಬೆಂಕಿ ಹತ್ತಿದ್ರ ಯಾರು ಹೊಣಿ? ಸಂಜಿಗೆ ಗಿರಾಕಿ ಬರ್ತಾನ, ಕೊಟ್ಟಬಿಡತೀವಿ."

"ಕೊಡಂಗಿಲ್ಲ," ಎಂದಳು ಸುನಂದಾ. "ಗಾಡಿ ಹೋದ್ರ ಅತ್ತಿ ಬಸ್ಸಿನ್ಯಾಗ ನಿಂತು ಬರಬೇಕೇನು?"

ಭಾವ ಬಾಯಿ ತೆರೆಯುವ ಮೊದಲೇ ನಾನು ಹೇಳಿದೆ: "ಗಿರಾಕಿಗೆ ಬರಬ್ಯಾಡ ಅಂತ ಫೋನ್ ಮಾಡ್ರಿ. ಸಂಜಿತನಕ ಈ ಗಾಡಿ ನನ್ನದು."

ಸುನಂದಾ ಅತ್ತೆಯನ್ನು ಆಟೋದಲ್ಲಿ ಆಸ್ಪತ್ರೆಗೆ ಬಿಟ್ಟುಬಂದಳು. ಬಸಪ್ಪ ಫೋನ್ ಮಾಡದೆ ಕೈಕಟ್ಟಿ ನಿಂತೇ ಇದ್ದ.

ಎ.ಸಿ. ಗಾಳಿ ಬೀಸುವ ಬ್ಲೋವರ್ ಮೋಟಾರಿನ ರೆಸಿಸ್ಟರ್ ಎಂದರೆ ಗಾಳಿಯ ವೇಗ ಕಡಿಮೆ ಮಾಡುವ ಸಣ್ಣ ಭಾಗ. ಮೊದಲ ಮೂರು ವೇಗಗಳಲ್ಲಿ ಕರೆಂಟ್ ಇದರ ಮೂಲಕ ಹಾಯುತ್ತದೆ. ನಾಲ್ಕನೆಯದಕ್ಕೆ ನೇರ ಮೋಟಾರಿಗೆ. ಅದಕ್ಕೇ ಇದು ಸುಟ್ಟರೆ ನಾಲ್ಕನೆಯದೊಂದೇ ಉಳಿಯುತ್ತದೆ. ಗ್ಲವ್ ಬಾಕ್ಸ್ ಕಳಚಿ ತೆಗೆದೆ. ರೆಸಿಸ್ಟರ್ ಕರಕಲಾಗಿತ್ತು, ಅದರ ಕನೆಕ್ಟರ್ ಕರಗಿತ್ತು.

ಹೊಸದು ಹಾಕಿ ಕಳಿಸಿದ್ದರೆ ಅದೂ ಸುಡುತ್ತಿತ್ತು. ಮೋಟಾರಿನ ಫ್ಯಾನ್ ಚಕ್ರವನ್ನು ಕೈಯಿಂದ ತಿರುಗಿಸಿದೆ. ಅದು ಜಗ್ಗಿ ಜಗ್ಗಿ ತಿರುಗಿತು. ಮೋಟಾರನ್ನೇ ಬಿಚ್ಚಿ ಇಳಿಸಿದಾಗ ಚಕ್ರದ ಹಲ್ಲುಗಳಲ್ಲಿ ಇಲಿಯ ಗೂಡು! ಹರಿದ ಬಟ್ಟೆ, ಒಣ ಕಾಂಡ, ನಡುವೆ ಅಂಟಂಟಾದ ಒಣದ್ರಾಕ್ಷಿ.

ಬಸಪ್ಪ ಒಂದು ದ್ರಾಕ್ಷಿ ಎತ್ತಿ ನೋಡಿದ. "ಇವು ನಮ್ಮ ಶೆಡ್ಡಿನವ," ಎಂದ, ದನಿ ತಗ್ಗಿಸಿ. ಕಾರು ನಿಲ್ಲುತ್ತಿದ್ದುದು ಅವನ ಒಣದ್ರಾಕ್ಷಿ ಶೆಡ್ಡಿನಲ್ಲೇ.

ಚಕ್ರ ಸಿಕ್ಕಿಕೊಂಡಷ್ಟೂ ಮೋಟಾರು ಹೆಚ್ಚು ಕರೆಂಟ್ ಎಳೆಯುತ್ತಿತ್ತು. ರೆಸಿಸ್ಟರ್ ತಣ್ಣಗಾಗಲು ಬೇಕಾದ ಗಾಳಿಯೂ ಗೂಡು ಅಡ್ಡಬಂದು ತಲುಪುತ್ತಿರಲಿಲ್ಲ. ಗೂಡು ತೆಗೆದು ಚಕ್ರ ತೊಳೆದೆ. ಮೋಟಾರಿಗೆ ಕರೆಂಟ್ ಅಳೆಯುವ ಅಮ್ಮೀಟರ್ ಹಚ್ಚಿದೆ, ಕರೆಂಟ್ ಹದದಲ್ಲಿತ್ತು. ಹೊಸ ಕನೆಕ್ಟರ್, ಹೊಸ ರೆಸಿಸ್ಟರ್ ಕೂಡಿಸಿ, ಹೊರಗಿನ ಗಾಳಿ ಬರುವ ಬಾಯಿಗೆ ಇಲಿ ನುಗ್ಗದಂತೆ ತಂತಿ ಜಾಳಿಗೆ ಬಿಗಿದೆ.

"ಈಗ ಕೂಡ್ರಿ. ಬಬಲೇಶ್ವರತನಕ ಹೋಗಿ ಬರೂಣು," ಎಂದೆ ಬಸಪ್ಪನಿಗೆ. ಸುನಂದಾ ಓಡಿಸಿದಳು. ನೆತ್ತಿ ಸುಡುವ ಬಿಸಿಲು. ಹೋಗುವಾಗ ಒಂದನೇ ವೇಗ, ಬರುವಾಗ ಎರಡು, ಮೂರು. ಬಸಪ್ಪ ಆಗಾಗ ಬಗ್ಗಿ ಮೂಸುತ್ತಿದ್ದ. ಸುಟ್ಟ ವಾಸನೆ ಬರಲಿಲ್ಲ.

ಮರಳಿ ಅಂಗಡಿ ಮುಟ್ಟಿದಾಗ ಅವನು ಇನ್ನೂ ಗೊಣಗಿದ: "ಮತ್ತ ಏನರ ಆದ್ರ?"

"ಆದ್ರ ಮತ್ತ ಬಿಚ್ಚಿಸ್ತೀನಿ," ಎಂದಳು ಸುನಂದಾ. "ಮಾರೂದಿಲ್ಲ. ನೀವು ಶೆಡ್ಡಿನ್ಯಾಗ ಇಲಿ ನೋಡಕೋರಿ, ಅತ್ತಿನ್ನ ನಾ ನೋಡಕೋತೀನಿ."

ಬಸಪ್ಪ ಗಿರಾಕಿಗೆ ಫೋನ್ ಹಚ್ಚಿದ. ಸಂಜೆ ಸುನಂದಾಳ ಫೋನ್ ಬಂತು: ಆಸ್ಪತ್ರೆಯಿಂದ ತಿಕೋಟಾಕ್ಕೆ ಮರಳುವಾಗ ಅತ್ತೆ ದಾರಿಯ ತೊರವಿ ದಾಟುವುದರೊಳಗೆ ನಿದ್ದೆ ಹೋಗಿದ್ದರಂತೆ.

ಸುಟ್ಟ ಭಾಗವನ್ನು ಬದಲಿಸಿ ಕೈ ತೊಳೆದುಕೊಳ್ಳುವುದನ್ನು ರಿಪೇರಿ ಎನ್ನಲು ನಾನು ಈಗಲೂ ಒಪ್ಪುವುದಿಲ್ಲ. ಅದು ಯಾಕೆ ಸುಟ್ಟಿತು ಎಂದು ಗೊತ್ತಾಗುವವರೆಗೆ ಯಾವ ಗಾಡಿಯನ್ನೂ ಕೆಟ್ಟ ಗಾಡಿ ಎನ್ನಬಾರದು. ಯಾರು ಎಷ್ಟೇ ಅವಸರ ಮಾಡಲಿ, ಅಷ್ಟು ಹೊತ್ತು ಅವರು ಕಾಯಲೇಬೇಕು.