ಎರಡು ಸಲ ಕೇಳುವುದು

ವಯನಾಡಿನ ಪೆರಿಕಲ್ಲೂರಿನ ಪಂಪ್‌ಮನೆಯಲ್ಲಿ ನಾನು ಕೂರಿಸಿದ್ದ ನೀರಿನ ಮೀಟರು ಆಗಾಗ ಸುಳ್ಳು ಹೇಳುತ್ತಿತ್ತು. ಅದರ ಪುಟ್ಟ ಚಿಪ್ಪಿಗೆ ಇನ್ನೂರೈವತ್ತೈದಕ್ಕಿಂತ ದೊಡ್ಡ ಸಂಖ್ಯೆ ಒಂದೇ ತುತ್ತಿಗೆ ಹಿಡಿಸದು. ಎರಡು ತುಂಡು ಮಾಡಿ ಇಟ್ಟುಕೊಳ್ಳುತ್ತದೆ. ಚಿಕ್ಕ ತುಂಡನ್ನು ಓದಿ ದೊಡ್ಡದಕ್ಕೆ ಹೋಗುವಷ್ಟರಲ್ಲಿ ನೀರು ಹರಿದು ಚಿಕ್ಕದು ತುಂಬಿ ದೊಡ್ಡದಕ್ಕೆ ಒಂದು ಕೂಡಿಬಿಟ್ಟರೆ, ಹಳೆಯದಕ್ಕೆ ಹೊಸದು ಅಂಟಿ ಲೆಕ್ಕ ಕೆಡುತ್ತದೆ.

ಇದಕ್ಕೆ ಮದ್ದು ಹುಡುಕುತ್ತ ದಿನವಿಡೀ ಒಬ್ಬನೇ ಕೂತಿದ್ದೆ. ಸಂಜೆ ಜಮೀನಿನ ಯಜಮಾನಿ, ಜೈನರ ಮನೆಯ ಅಮ್ಮ, ಬಂದು "ಊಟ ಆಯ್ತಾ ಮೋನೇ?" ಎಂದು ಮಗನನ್ನು ಕೇಳುವಂತೆ ಕೇಳಿದರು.

ಬೆಳಗಿನ ಬಿಸ್ಕತ್ತನ್ನೇ ಲೆಕ್ಕಕ್ಕೆ ಹಿಡಿದು "ಆಯ್ತಮ್ಮ" ಎಂದೆ.

ಹೊರಟವರು ಬಾಗಿಲಲ್ಲಿ ನಿಂತು ಸೂರ್ಯನನ್ನು ನೋಡಿ ತಿರುಗಿದರು. "ಹೊತ್ತು ಮುಳುಗಿದ ಮೇಲೆ ನಮ್ಮಲ್ಲಿ ಊಟ ಇಲ್ಲ. ಅದಕ್ಕೇ ಇನ್ನೊಂದ್ಸಲ ಕೇಳ್ತೀನಿ. ಊಟ ಆಯ್ತಾ?"

"ಇಲ್ಲಮ್ಮ."

ಅವರ ಅಡುಗೆಮನೆಯಲ್ಲಿ ಉಣ್ಣುವಾಗ ಮದ್ದು ಹೊಳೆಯಿತು. ಚಿಕ್ಕ ತುಂಡನ್ನು ಓದುವ ಮುಂಚೆ ಒಮ್ಮೆ, ಓದಿದ ಮೇಲೊಮ್ಮೆ ದೊಡ್ಡದನ್ನು ಕೇಳಬೇಕು; ಉತ್ತರ ಬದಲಾಗಿದ್ದರೆ ಮೊದಲಿಂದ ಓದಬೇಕು.

ಮೀಟರು ಈಗ ಸುಳ್ಳು ಹೇಳುವುದಿಲ್ಲ. ಫೋನಿನಲ್ಲಿ ಊರಿನಿಂದ ನನ್ನ ಮನೆಯವರೂ ಊಟ ಆಯ್ತಾ ಎಂದು ಕೇಳುತ್ತಾರೆ, ಒಂದೇ ಸಲ. ಆಯ್ತು ಎನ್ನುತ್ತೇನೆ.